ಲಿನಕ್ಸ್ ಪಠ್ಯ ಕನ್ಸೋಲ್‌ನ ಪರದೆ ಕೈಕೊಟ್ಟಾಗ: ದೋಷವನ್ನು ಕ್ರಮವಾಗಿ ಹುಡುಕುವ ಸಮಗ್ರ ಮಾರ್ಗದರ್ಶಿ

ಕಲಬುರಗಿಯಲ್ಲಿ ಅಂಗಡಿ, ಶಾಲೆ ಮತ್ತು ಸಣ್ಣ ಕಚೇರಿಗಳ ಲಿನಕ್ಸ್ ಯಂತ್ರಗಳನ್ನು ನೋಡಿಕೊಳ್ಳುವ ನನಗೆ ಮತ್ತೆ ಮತ್ತೆ ಬರುವ ಕರೆ ಒಂದೇ: "ಸ್ಕ್ರೀನ್ ಕರ್ರಗ ಆಗ್ಯಾದ್ರಿ, ಏನೂ ಕಾಣವಲ್ದು." ನಾನು ಹೋಗಿ ತಲುಪುವಷ್ಟರಲ್ಲಿ ಯಾರಾದರೊಬ್ಬರು ಲಿನಕ್ಸನ್ನು ಅಳಿಸಿ ಮತ್ತೆ ಸ್ಥಾಪಿಸಿ ಮುಗಿಸಿರುತ್ತಾರೆ; ದೋಷ ಮಾತ್ರ ಇದ್ದಲ್ಲೇ ಇರುತ್ತದೆ. ಗುಂಡಿ ಒತ್ತಿದ ಕ್ಷಣದಿಂದ ಅಕ್ಷರ ಕಣ್ಣಿಗೆ ಬೀಳುವವರೆಗೆ ಫರ್ಮ್‌ವೇರ್ (ಯಂತ್ರಾಂಶದೊಳಗೇ ಓಡುವ ಮೂಲ ತಂತ್ರಾಂಶ), ಗ್ರಬ್ (ಲಿನಕ್ಸನ್ನು ಎಬ್ಬಿಸುವ ಪ್ರೋಗ್ರಾಂ), ಕರ್ನಲ್‌ನ (ಲಿನಕ್ಸ್‌ನ ತಿರುಳಿನ) ಗ್ರಾಫಿಕ್ಸ್ ಡ್ರೈವರ್, ಕನ್ಸೋಲ್‌ನ (ಬರೀ ಅಕ್ಷರಗಳಲ್ಲಿ ಆದೇಶ ಕೊಡುವ ಪರದೆಯ) ಫಾಂಟ್, ಓಡುತ್ತಿರುವ ಪ್ರೋಗ್ರಾಂ, ಕೇಬಲ್ ಮತ್ತು ಮಾನಿಟರ್ ಒಂದರ ಕೈಯಿಂದ ಒಂದಕ್ಕೆ ಕೆಲಸವನ್ನು ದಾಟಿಸುತ್ತವೆ. ಈ ಸರಣಿಯಲ್ಲಿ ಎಲ್ಲಿ ಕಡಿದಿದೆ ಎಂಬುದನ್ನು ಪತ್ತೆ ಮಾಡುವ ಮೊದಲೇ ಸೆಟ್ಟಿಂಗ್ ಬದಲಿಸತೊಡಗಿದರೆ ಹಳೆಯ ದೋಷದ ಮೇಲೆ ಹೊಸದೊಂದು ಸೇರಿಕೊಳ್ಳುತ್ತದೆ. ಆದ್ದರಿಂದ ಕೆಳಗಿನ ಹಂತಗಳನ್ನು ಕೊಟ್ಟಿರುವ ಕ್ರಮದಲ್ಲೇ ಅನುಸರಿಸಬೇಕು.

ಆದೇಶಗಳನ್ನು ಇಲ್ಲಿ ಉಚ್ಚಾರಕ್ಕೆ ತಕ್ಕಂತೆ ಕನ್ನಡ ಲಿಪಿಯಲ್ಲಿ ಬರೆದಿದ್ದೇನೆ. ಕೀಬೋರ್ಡಿನಲ್ಲಿ ಅವುಗಳನ್ನು ಇಂಗ್ಲಿಷಿನ ಸಣ್ಣ ಅಕ್ಷರಗಳಲ್ಲೇ ಒತ್ತಬೇಕು. ದೊಡ್ಡ ಅಕ್ಷರ ಬೇಕಾದಲ್ಲಿ ಹಾಗೆಂದು ಹೇಳಿದ್ದೇನೆ.

## ಕೈಯಲ್ಲಿ ಇರಬೇಕಾದ ಸಾಮಗ್ರಿ

ಒಳ್ಳೆಯದೆಂದು ಖಚಿತವಾಗಿ ಗೊತ್ತಿರುವ ಒಂದು ಕೇಬಲ್, ತಂತಿಯುಳ್ಳ ಯುಎಸ್‌ಬಿ ಕೀಬೋರ್ಡ್, ಲೈವ್ ಲಿನಕ್ಸ್ (ಸ್ಥಾಪಿಸದೆಯೇ ನೇರ ಓಡುವ ಲಿನಕ್ಸ್) ಇರುವ ಪೆನ್‌ಡ್ರೈವ್, ಅದೇ ನೆಟ್‌ವರ್ಕ್‌ನಲ್ಲಿರುವ ಇನ್ನೊಂದು ಕಂಪ್ಯೂಟರ್ ಅಥವಾ ಎಸ್‌ಎಸ್‌ಎಚ್ (ನೆಟ್‌ವರ್ಕ್ ಮೂಲಕ ದೂರದ ಯಂತ್ರಕ್ಕೆ ಆದೇಶ ಕೊಡುವ ವಿಧಾನ) ಆ್ಯಪ್ ಇರುವ ಮೊಬೈಲ್, ಇಷ್ಟು ಸಾಕು. ಮೊಬೈಲ್ ಕ್ಯಾಮೆರಾದ ಉಪಯೋಗವನ್ನು ಹಲವರು ಮರೆಯುತ್ತಾರೆ. ಬೂಟ್ ಆಗುವಾಗ ಅರೆಕ್ಷಣ ಮಿಂಚಿ ಮರೆಯಾಗುವ ಸಾಲನ್ನು ಕಣ್ಣಿನಿಂದ ಓದಲಾಗುವುದಿಲ್ಲ. ವಿಡಿಯೊ ತೆಗೆದು ನಿಲ್ಲಿಸಿ ನಿಲ್ಲಿಸಿ ನೋಡಿದರೆ ಓದಬಹುದು.

## ಹಂತ 1: ಮಾನಿಟರ್ ಏನು ಹೇಳುತ್ತಿದೆ ಎಂಬುದನ್ನು ಓದಿ

"ಕಪ್ಪು ಪರದೆ" ಎಂಬ ಒಂದೇ ಹೆಸರಿನಡಿ ನಾಲ್ಕು ಬೇರೆ ಬೇರೆ ದೋಷಗಳು ಅಡಗಿರುತ್ತವೆ. "ನೋ ಸಿಗ್ನಲ್" ಎಂದು ಬಂದರೆ ಮಾನಿಟರಿಗೆ ಏನೂ ತಲುಪುತ್ತಿಲ್ಲ. "ಔಟ್ ಆಫ್ ರೇಂಜ್" ಅಥವಾ "ಇನ್‌ಪುಟ್ ನಾಟ್ ಸಪೋರ್ಟೆಡ್" ಎಂದು ಬಂದರೆ ಸಿಗ್ನಲ್ ತಲುಪುತ್ತಿದೆ, ಆದರೆ ಅದರ ರೆಸಲ್ಯೂಷನ್ ಅಥವಾ ರಿಫ್ರೆಶ್ ದರ ಮಾನಿಟರಿನ ಶಕ್ತಿಯನ್ನು ಮೀರಿದೆ. ನೇರವಾಗಿ ಹಂತ 6ಕ್ಕೆ ಹೋಗಬಹುದು. ಸಂದೇಶವೇನೂ ಇಲ್ಲದೆ ಹಿಂಬೆಳಕು ಮಾತ್ರ ಉರಿಯುತ್ತಿದ್ದರೆ ಸಿಗ್ನಲ್ ಸರಿಯಾಗಿದ್ದು, ಅದರೊಳಗೆ ಬರೆಯಬೇಕಾದವರು ಬರೆಯುತ್ತಿಲ್ಲ ಎಂದರ್ಥ. ಅಕ್ಷರಗಳು ಕಾಣುತ್ತವೆ ಆದರೆ ಕಲಸಿಹೋಗಿವೆ ಎಂದರೆ ಅದು ಹಂತ 3ರ ವಿಷಯ.

ಮಾನಿಟರಿನ ಗುಂಡಿ ಒತ್ತಿ ಅದರ ಸ್ವಂತ ಮೆನುವನ್ನೂ ತೆರೆದು ನೋಡಿ. ಆ ಮೆನುವನ್ನು ಬರೆಯುವುದು ಮಾನಿಟರೇ ಹೊರತು ಕಂಪ್ಯೂಟರ್ ಅಲ್ಲ. ಹಾಗಾಗಿ ಮೆನು ಕೂಡ ನಡುಗುತ್ತಿದ್ದರೆ ಲಿನಕ್ಸ್‌ನಲ್ಲಿ ಹುಡುಕುವುದು ವ್ಯರ್ಥ. ಗಂಜ್‌ನ ಒಂದು ತೊಗರಿಬೇಳೆ ಮಿಲ್ಲಿನ ಲೆಕ್ಕದ ಕೋಣೆಯಲ್ಲಿ ಪರದೆ ದಿನಕ್ಕೆ ಹತ್ತಾರು ಬಾರಿ ಆರಿ ಮತ್ತೆ ಹೊತ್ತಿಕೊಳ್ಳುತ್ತಿತ್ತು. ಡ್ರೈವರನ್ನು ಎರಡು ಸಲ ಬದಲಿಸಿ ಸೋತ ಮೇಲೆ ನಾನು ಮೇಜಿನ ಕೆಳಗೆ ಬಗ್ಗಿ ನೋಡಿದೆ: ಸಿಪಿಯು ಯುಪಿಎಸ್‌ಗೆ ಸೇರಿತ್ತು, ಮಾನಿಟರ್ ಮಾತ್ರ ಗೋಡೆಯ ಸಾಕೆಟ್‌ನಲ್ಲಿತ್ತು, ಆಚೆ ಮೋಟಾರು ಶುರುವಾದಾಗಲೆಲ್ಲ ವೋಲ್ಟೇಜ್ ಕುಸಿಯುತ್ತಿತ್ತು. ವಿಜಿಎ ಪ್ಲಗ್ ಬಿಚ್ಚಿದಾಗ ಪಿನ್ನುಗಳ ನಡುವೆ ಬೇಳೆಯ ಹುಡಿ ಗಟ್ಟಿಯಾಗಿ ಕೂತಿತ್ತು.

ಗ್ರಾಫಿಕ್ಸ್ ಕಾರ್ಡ್ ಬೇರೆಯಾಗಿ ಹಾಕಿರುವ ಯಂತ್ರದಲ್ಲಿ ಕೇಬಲ್ ಆ ಕಾರ್ಡಿಗೇ ಸೇರಿದೆ, ಮದರ್‌ಬೋರ್ಡಿನ ಪೋರ್ಟಿಗಲ್ಲ ಎಂದು ಈಗಲೇ ಖಚಿತಪಡಿಸಿಕೊಳ್ಳಿ. ಧೂಳು ಹೊಡೆಯಲು ಬಿಚ್ಚಿ ಮತ್ತೆ ಜೋಡಿಸಿದವರು ಮಾಡುವ ತಪ್ಪು ಬಹುಪಾಲು ಕೇಬಲನ್ನು ಮದರ್‌ಬೋರ್ಡಿಗೆ ಚುಚ್ಚುವುದೇ.

## ಹಂತ 2: ಯಂತ್ರ ಬದುಕಿದೆಯೇ ಎಂದು ಪರೀಕ್ಷಿಸಿ

ಕ್ಯಾಪ್ಸ್ ಲಾಕ್ ಕೀಲಿ ಒತ್ತಿ. ಒತ್ತಿದಂತೆಲ್ಲ ಅದರ ದೀಪ ಹತ್ತಿ ಆರುತ್ತಿದ್ದರೆ ಕರ್ನಲ್ ಬದುಕಿದೆ, ಕಾಣದಿರುವುದು ಚಿತ್ರ ಮಾತ್ರ. ದೀಪ ಅಲುಗಾಡದಿದ್ದರೆ ಯಂತ್ರವೇ ಸ್ಥಗಿತಗೊಂಡಿರಬಹುದು.

ಮುಂದಿನ ಪರೀಕ್ಷೆ, ಕಂಟ್ರೋಲ್ ಮತ್ತು ಆಲ್ಟ್ ಕೀಲಿಗಳನ್ನು ಹಿಡಿದು ಎಫ್3 ಒತ್ತುವುದು. ಸಾಮಾನ್ಯ ವಿತರಣೆಗಳಲ್ಲಿ (ಉಬುಂಟು, ಡೆಬಿಯನ್‌ನಂಥ ಲಿನಕ್ಸ್ ರೂಪಗಳಲ್ಲಿ) 6 ಪಠ್ಯ ಕನ್ಸೋಲ್‌ಗಳು ಸಿದ್ಧವಿರುತ್ತವೆ. ಡೆಸ್ಕ್‌ಟಾಪ್ ಅವುಗಳಲ್ಲಿ ಮೊದಲ ಅಥವಾ ಎರಡನೆಯದರಲ್ಲಿ, ಕೆಲವು ವಿತರಣೆಗಳಲ್ಲಿ ಆ ಆರರ ಆಚೆಯ ಏಳನೆಯದರಲ್ಲಿ ಕೂತಿರುತ್ತದೆ. ಎಫ್3ರಲ್ಲಿ ಲಾಗಿನ್ ಸಾಲು ಬಂದರೆ ಕನ್ಸೋಲ್ ಸರಿಯಾಗಿದೆ, ಕೆಟ್ಟಿರುವುದು ಡೆಸ್ಕ್‌ಟಾಪ್. ಬರದಿದ್ದರೆ ಇನ್ನೊಂದು ಯಂತ್ರದಿಂದ ಎಸ್‌ಎಸ್‌ಎಚ್ ಮೂಲಕ ಒಳಹೊಕ್ಕು ನೋಡಿ.

ಅಕ್ಷರಗಳು ಕಾಣುತ್ತಿದ್ದು, ಒತ್ತಿದ್ದು ಮಾತ್ರ ಮೂಡದಿದ್ದರೆ ಗಾಬರಿಯಾಗುವ ಮೊದಲು ಕಂಟ್ರೋಲ್-ಕ್ಯೂ ಒತ್ತಿ. ಕಡತ ಉಳಿಸುವ ಅಭ್ಯಾಸದಿಂದ ಬೆರಳು ತಾನಾಗಿ ಕಂಟ್ರೋಲ್-ಎಸ್ ಒತ್ತಿರುತ್ತದೆ. ಟರ್ಮಿನಲ್‌ನಲ್ಲಿ, ಅಂದರೆ ಆದೇಶ ಟೈಪ್ ಮಾಡುವ ಪರದೆಯಲ್ಲಿ, ಅದು ಹೊರಬರುವ ಪಠ್ಯವನ್ನು ತಡೆದು ನಿಲ್ಲಿಸುವ ಆಜ್ಞೆ. ಸ್ಕ್ರೋಲ್ ಲಾಕ್ ಕೀಲಿಯೂ ಇದೇ ಕೆಲಸ ಮಾಡುತ್ತದೆ. ಇಷ್ಟೇ ಕಾರಣಕ್ಕೆ ಯಂತ್ರದ ವಿದ್ಯುತ್ ಕಿತ್ತು ಕಡತವ್ಯವಸ್ಥೆಯನ್ನು ಹಾಳುಮಾಡಿಕೊಂಡವರನ್ನು ನಾನು ಬಲ್ಲೆ.

ಯಂತ್ರ ಯಾವುದಕ್ಕೂ ಸ್ಪಂದಿಸದಿದ್ದಾಗಲೂ ಪವರ್ ಗುಂಡಿ ಕೊನೆಯ ಉಪಾಯವಾಗಿರಲಿ. ಆಲ್ಟ್ ಮತ್ತು ಪ್ರಿಂಟ್‌ಸ್ಕ್ರೀನ್ ಕೀಲಿಗಳನ್ನು ಹಿಡಿದು ಎಸ್, ಯು, ಬಿ ಅಕ್ಷರಗಳನ್ನು ಒಂದೊಂದಾಗಿ, ಎರಡು ಮೂರು ಸೆಕೆಂಡಿನ ಅಂತರದಲ್ಲಿ ಒತ್ತಿ. ಎಸ್ ಬಾಕಿ ಬರಹವನ್ನು ಡಿಸ್ಕಿಗೆ ಇಳಿಸುತ್ತದೆ, ಯು ಡಿಸ್ಕನ್ನು ಓದಲು ಮಾತ್ರ ಬರುವಂತೆ ಮಾಡುತ್ತದೆ, ಬಿ ಯಂತ್ರವನ್ನು ಮರುಚಾಲನೆ ಮಾಡುತ್ತದೆ. ಉಬುಂಟುವಿನ ಮೂಲ ಸೆಟ್ಟಿಂಗ್‌ನಲ್ಲಿ ಈ ಮೂರೂ ಕೆಲಸ ಮಾಡುತ್ತವೆ.

## ಹಂತ 3: ಅಕ್ಷರಗಳು ಕಲಸಿಹೋಗಿದ್ದರೆ ಟರ್ಮಿನಲ್ ಅನ್ನು ಮರುಹೊಂದಿಸಿ

ಕಡತದಲ್ಲಿರುವುದನ್ನು ಹಾಗೆಯೇ ಪರದೆಗೆ ಸುರಿಯುವ ಕ್ಯಾಟ್ ಆದೇಶದಿಂದ ಚಿತ್ರವನ್ನೋ ಬೈನರಿ ಕಡತವನ್ನೋ ತೆರೆದಾಗ ಅದರೊಳಗಿನ ಕೆಲವು ಬೈಟ್‌ಗಳನ್ನು ಕನ್ಸೋಲ್ ನಿಯಂತ್ರಣ ಸಂಕೇತಗಳೆಂದು ತಿಳಿಯುತ್ತದೆ. ಸಣ್ಣ ಅಕ್ಷರಗಳ ಜಾಗದಲ್ಲಿ ಗೆರೆ ಮತ್ತು ಮೂಲೆಗಳು ಕಾಣತೊಡಗುವುದು ಇದರ ಲಕ್ಷಣ. ಒತ್ತಿದ್ದು ಕಾಣದಿದ್ದರೂ ಕುರುಡಾಗಿಯೇ ರೀಸೆಟ್ ಎಂದು ಒತ್ತಿ ಎಂಟರ್ ಕೊಡಿ. ಎಂಟರ್ ಕೆಲಸ ಮಾಡದಿದ್ದರೆ ಅದರ ಬದಲು ಕಂಟ್ರೋಲ್-ಜೆ ಒತ್ತಬೇಕು. ಚಿತ್ರ ಸರಿಹೋಗಿ ಟೈಪಿಂಗ್ ಮಾತ್ರ ವಿಚಿತ್ರವಾಗಿದ್ದರೆ "ಎಸ್‌ಟಿಟಿವೈ ಸೇನ್" ಆದೇಶ ಸಾಕು.

ಸಾಮಾನ್ಯ ಆದೇಶಗಳು ಸರಿಯಾಗಿ ಕಾಣುತ್ತಾ, ಎಡಿಟರ್ ಅಥವಾ ಮೆನು ಇರುವ ಪ್ರೋಗ್ರಾಂಗಳು ಮಾತ್ರ ಕೆಟ್ಟು ಕಂಡರೆ ಟರ್ಮ್ ಎಂಬ ವೇರಿಯಬಲ್ (ಟರ್ಮಿನಲ್ ಯಾವ ಬಗೆಯದೆಂದು ಪ್ರೋಗ್ರಾಂಗಳಿಗೆ ಹೇಳುವ ಸೆಟ್ಟಿಂಗ್) ಅನ್ನು ನೋಡಿ; ಅದರ ಹೆಸರು ಪೂರ್ತಿ ದೊಡ್ಡ ಅಕ್ಷರಗಳಲ್ಲಿದೆ. ನಿಜವಾದ ಕನ್ಸೋಲ್‌ನಲ್ಲಿ ಅದರ ಬೆಲೆ "ಲಿನಕ್ಸ್" ಎಂದಿರಬೇಕು. ಎಲ್ಲಿಂದಲೋ ನಕಲು ಮಾಡಿದ ಬ್ಯಾಶ್‌ಆರ್‌ಸಿ ಎಂಬ ಸೆಟ್ಟಿಂಗ್‌ಗಳ ಕಡತದಲ್ಲಿ ಅದನ್ನು ಎಕ್ಸ್‌ಟರ್ಮ್ ಎಂದು ಬಲವಂತವಾಗಿ ಬದಲಿಸಿದ್ದರೆ ಆ ಸಾಲನ್ನು ಅಳಿಸಿ. ಬದಲಿಗೆ ಇನ್ನೇನನ್ನೂ ಬರೆಯಬೇಕಾಗಿಲ್ಲ.

## ಹಂತ 4: ಬೂಟ್ ಆಗುವಾಗಲೇ ಕಪ್ಪಾದರೆ ಗ್ರಬ್‌ನಿಂದ ತಾತ್ಕಾಲಿಕವಾಗಿ ಒಳಹೋಗಿ

ಅತಿ ಹೆಚ್ಚು ಜನ ಎಡವುವುದು ಇಲ್ಲಿ. ಆದ್ದರಿಂದ ನಿಧಾನವಾಗಿ ಓದಬೇಕು.

ಬಯಾಸ್ ಎಂಬ ಹಳೆಯ ಬಗೆಯ ಫರ್ಮ್‌ವೇರ್ ಇರುವ ಯಂತ್ರದಲ್ಲಿ ಆನ್ ಮಾಡಿದ ಕೂಡಲೇ ಶಿಫ್ಟ್ ಕೀಲಿಯನ್ನು ಹಿಡಿದಿಟ್ಟುಕೊಳ್ಳಿ. ಯುಇಎಫ್‌ಐ ಎಂಬ ಹೊಸ ಬಗೆಯದು ಇರುವ ಯಂತ್ರದಲ್ಲಿ ಕಂಪನಿಯ ಲಾಂಛನ ಮೂಡಿದ ನಂತರ ಎಸ್ಕೇಪ್ ಕೀಲಿಯನ್ನು ಒಂದೇ ಬಾರಿ ಒತ್ತಿ. ಅವಸರದಲ್ಲಿ ಹಲವು ಬಾರಿ ಒತ್ತಿದರೆ ಮೆನು ದಾಟಿ ಗ್ರಬ್‌ನ ಆದೇಶ ಸಾಲಿಗೆ ಹೋಗಿಬಿಡುತ್ತೀರಿ. ಹಾಗಾದರೆ "ನಾರ್ಮಲ್" ಎಂದು ಬರೆದು ಎಂಟರ್ ಕೊಟ್ಟು ಕೂಡಲೇ ಒಮ್ಮೆ ಎಸ್ಕೇಪ್ ಒತ್ತಿದರೆ ಮೆನುವಿಗೆ ಮರಳಬಹುದು.

ಮೆನುವಿನಲ್ಲಿ ಮೊದಲ ಸಾಲಿನ ಮೇಲೆ ನಿಂತು ಇ ಅಕ್ಷರವನ್ನು ಒತ್ತಿ. ತೆರೆಯುವ ಪಠ್ಯದಲ್ಲಿ "ಲಿನಕ್ಸ್" ಎಂಬ ಪದದಿಂದ ಆರಂಭವಾಗುವ ಉದ್ದನೆಯ ಸಾಲನ್ನು ಹುಡುಕಿ. ಅದು ಪರದೆಯ ಅಗಲಕ್ಕೆ ಸಾಲದೆ ಮುರಿದು ಕೆಳಗಿಳಿದಿರುತ್ತದೆ, ಮುರಿದಲ್ಲಿ ಹಿಂದಕ್ಕೆ ಬಾಗಿದ ಓರೆಗೆರೆ ಕಾಣುತ್ತದೆ. ಹೀಗೆ ಇಳಿದ ಭಾಗವನ್ನು ಬೇರೆ ಸಾಲೆಂದು ತಿಳಿಯಬಾರದು. ಎಂಡ್ ಕೀಲಿ ಒತ್ತಿ ಸಾಲಿನ ಕೊನೆಗೆ ಹೋಗಿ.

ಮೊದಲ ಪ್ರಯತ್ನದಲ್ಲಿ "ಕ್ವೈಟ್" ಮತ್ತು "ಸ್ಪ್ಲ್ಯಾಶ್" ಎಂಬ ಎರಡು ಪದಗಳನ್ನು ಅಳಿಸಿ, ಬೇರೇನನ್ನೂ ಸೇರಿಸದೆ ಕಂಟ್ರೋಲ್-ಎಕ್ಸ್ ಅಥವಾ ಎಫ್10 ಒತ್ತಿ ಬೂಟ್ ಮಾಡಿ. ಆಗ ಕರ್ನಲ್‌ನ ಸಂದೇಶಗಳು ಸಾಲುಸಾಲಾಗಿ ಹರಿಯುತ್ತವೆ. ಯಾವ ಸಾಲಿನ ನಂತರ ಪರದೆ ಕಪ್ಪಾಯಿತು ಎಂಬುದೇ ನಿಮಗೆ ಬೇಕಾದ ಸುಳಿವು. ವಿಡಿಯೊ ತೆಗೆಯಬೇಕಾದದ್ದು ಈಗ. ಡಿಆರ್‌ಎಂ, ಐ915, ಎಎಂಡಿಜಿಪಿಯು ಅಥವಾ ನೂವೋ ಎಂಬ ಹೆಸರು ಬಂದ ತಕ್ಷಣ ಕಪ್ಪಾದರೆ ತಪ್ಪು ಗ್ರಾಫಿಕ್ಸ್ ಡ್ರೈವರಿನ ಕಡೆಗಿದೆ.

ಎರಡನೆಯ ಪ್ರಯತ್ನದಲ್ಲಿ ಅದೇ ಸಾಲಿನ ಕೊನೆಗೆ ಒಂದು ಖಾಲಿ ಜಾಗ ಬಿಟ್ಟು "ನೊಮೋಡ್‌ಸೆಟ್" ಎಂದು ಸೇರಿಸಿ, ನಡುವೆ ಎಲ್ಲೂ ಖಾಲಿ ಬಿಡದೆ. ಇದರಿಂದ ಕರ್ನಲ್‌ನ ಗ್ರಾಫಿಕ್ಸ್ ಡ್ರೈವರ್ ಪರದೆಯನ್ನು ತನ್ನ ವಶಕ್ಕೆ ತೆಗೆದುಕೊಳ್ಳದೆ, ಫರ್ಮ್‌ವೇರ್ ಕೊಟ್ಟ ಸರಳ ಚಿತ್ರವ್ಯವಸ್ಥೆಯಲ್ಲೇ ಕನ್ಸೋಲ್ ತೆರೆದುಕೊಳ್ಳುತ್ತದೆ.

ಹೀಗೆ ಮಾಡಿದ ಬದಲಾವಣೆ ಆ ಒಂದು ಬೂಟ್‌ಗೆ ಮಾತ್ರ ಅನ್ವಯಿಸುತ್ತದೆ, ಹಾಗಾಗಿ ಧೈರ್ಯವಾಗಿ ಪ್ರಯೋಗಿಸಬಹುದು. ಆದರೆ ಪರದೆ ಬಂದಿತೆಂಬ ಸಂತೋಷದಲ್ಲಿ ಇದನ್ನೇ ಶಾಶ್ವತಗೊಳಿಸುವುದು, ನನ್ನ ದೃಷ್ಟಿಯಲ್ಲಿ, ಈ ವಿಷಯದಲ್ಲಿ ಮಾಡಬಹುದಾದ ಅತಿ ದೊಡ್ಡ ತಪ್ಪು. ಡ್ರೈವರ್ ಇಲ್ಲದ ಯಂತ್ರದಲ್ಲಿ ರೆಸಲ್ಯೂಷನ್ ಬದಲಾಗುವುದಿಲ್ಲ, ಎರಡನೆಯ ಮಾನಿಟರ್ ನಡೆಯುವುದಿಲ್ಲ, ಲ್ಯಾಪ್‌ಟಾಪ್‌ನ ಬೆಳಕು ಹೊಂದಿಸಲಾಗದೆ ಹೋಗಬಹುದು. ಆರು ತಿಂಗಳ ನಂತರ ಇವುಗಳಿಗೆ ಕಾರಣವೇನೆಂದು ಯಾರಿಗೂ ನೆನಪಿರುವುದಿಲ್ಲ. ಒಳಗೆ ಹೋಗಲು ಒಂದು ಬಾಗಿಲು ಸಿಕ್ಕಿತೆಂದು ತಿಳಿದು ಮುಂದಿನ ಹಂತಕ್ಕೆ ನಡೆಯಿರಿ.

## ಹಂತ 5: ಡ್ರೈವರ್ ಏಕೆ ಸೋತಿತು ಎಂದು ಹುಡುಕಿ

"ಎಲ್‌ಎಸ್‌ಪಿಸಿಐ -ಕೆ" ಆದೇಶ ಪ್ರತಿ ಸಾಧನದ ಕೆಳಗೆ ಅದನ್ನು ನಡೆಸುತ್ತಿರುವ ಡ್ರೈವರಿನ ಹೆಸರನ್ನು ಕೊಡುತ್ತದೆ. ವಿಜಿಎ ಅಥವಾ ಡಿಸ್‌ಪ್ಲೇ ಎಂದು ಬರೆದ ಸಾಧನವನ್ನು ನೋಡಿ ಹೆಸರನ್ನು ಗುರುತುಹಾಕಿಕೊಳ್ಳಿ. ನೊಮೋಡ್‌ಸೆಟ್ ಹಾಕಿ ಬಂದಿದ್ದರೆ ಡ್ರೈವರ್ ಬಳಕೆಯಲ್ಲಿದೆ ಎಂಬ ಸಾಲು ಇಲ್ಲದಿರುವುದು ಸಹಜ. ಅದನ್ನೇ ದೋಷವೆಂದು ಭಾವಿಸಬೇಡಿ.

ಆಮೇಲೆ ಹಿಂದಿನ, ಅಂದರೆ ಸೋತ ಬೂಟ್‌ನ ದಾಖಲೆಯನ್ನು ತೆರೆಯಬೇಕು: "ಸುಡೊ ಜರ್ನಲ್‌ಸಿಟಿಎಲ್ -ಕೆ -ಬಿ -1". ಕೊನೆಯ -1 ಎಂಬುದು "ಇದರ ಹಿಂದಿನ ಬೂಟ್" ಎಂದು ಹೇಳುತ್ತದೆ; ಅದನ್ನು ಬಿಟ್ಟರೆ ಸರಿಯಾಗಿ ನಡೆದ ಈಗಿನ ಬೂಟ್‌ನ ದಾಖಲೆ ಓದುತ್ತಾ ಕೂರುತ್ತೀರಿ. ಅಲ್ಲಿ "ಫರ್ಮ್‌ವೇರ್" ಮತ್ತು "ಫೇಲ್ಡ್" ಪದಗಳು ಒಂದೇ ಸಾಲಿನಲ್ಲಿ ಕಂಡರೆ ಡ್ರೈವರಿಗೆ ಬೇಕಾದ ಫರ್ಮ್‌ವೇರ್ ಕಡತ ಇಲ್ಲವೆಂದರ್ಥ. ಎಎಂಡಿ ಗ್ರಾಫಿಕ್ಸ್ ಇರುವ ಡೆಬಿಯನ್ ಯಂತ್ರಗಳಲ್ಲಿ ಇದು ಸಾಮಾನ್ಯವಾಗಿತ್ತು; 2023ರಲ್ಲಿ ಬಂದ ಡೆಬಿಯನ್ 12ರಿಂದ ಅಧಿಕೃತ ಸ್ಥಾಪನಾ ಮಾಧ್ಯಮದಲ್ಲೇ ಇಂಥ ಫರ್ಮ್‌ವೇರ್ ಸೇರಿದೆ, ಆದರೆ ಹಳೆಯ ಆವೃತ್ತಿಯಿಂದ ಮೇಲ್ದರ್ಜೆಗೇರಿಸಿದ ಯಂತ್ರಗಳಲ್ಲಿ ಪ್ಯಾಕೇಜ್ ಮೂಲಗಳ ಪಟ್ಟಿಗೆ "ನಾನ್-ಫ್ರೀ-ಫರ್ಮ್‌ವೇರ್" ವಿಭಾಗವನ್ನು ಕೈಯಾರೆ ಸೇರಿಸಬೇಕು. ನಂತರ "ಫರ್ಮ್‌ವೇರ್-ಎಎಂಡಿ-ಗ್ರಾಫಿಕ್ಸ್" ಪ್ಯಾಕೇಜ್ ಸ್ಥಾಪಿಸಿ, ನೊಮೋಡ್‌ಸೆಟ್ ಇಲ್ಲದೆ ಮರುಚಾಲನೆ ಮಾಡಿ.

ದೋಷ ಕರ್ನಲ್ ನವೀಕರಣದ ಮರುದಿನವೇ ಬಂದಿದ್ದರೆ ಗ್ರಬ್‌ನ "ಅಡ್ವಾನ್ಸ್ಡ್ ಆಪ್ಷನ್ಸ್" ಒಳಗಿನ ಹಳೆಯ ಕರ್ನಲ್‌ನಿಂದ ಬೂಟ್ ಮಾಡಿ ನೋಡಿ. ಅದರಲ್ಲಿ ಸರಿಯಿದ್ದರೆ ಮುಂದಿನ ನವೀಕರಣದವರೆಗೆ ಹಳೆಯದನ್ನೇ ಬಳಸುವುದು ಜಾಣತನ. ಲೈವ್ ಪೆನ್‌ಡ್ರೈವ್‌ನಿಂದಲೂ ಪರದೆ ಬರದಿದ್ದರೆ ಸ್ಥಾಪನೆಯ ತಪ್ಪು ಎನ್ನುವುದನ್ನು ಬಿಟ್ಟು ಯಂತ್ರಾಂಶದ ಕಡೆ ತಿರುಗಿ.

## ಹಂತ 6: ಮಾನಿಟರಿಗೆ ಹೊಂದುವ ರೆಸಲ್ಯೂಷನ್ ಕೊಡಿ

ಮಾನಿಟರ್ ತನ್ನ ಸಾಮರ್ಥ್ಯದ ವಿವರವನ್ನು ಇಡಿಐಡಿ ಎಂಬ ಸಣ್ಣ ದಾಖಲೆಯ ರೂಪದಲ್ಲಿ ಕಂಪ್ಯೂಟರಿಗೆ ಕಳಿಸುತ್ತದೆ. ವಿಜಿಎ ಕೇಬಲ್‌ನಲ್ಲಿ ಇದು ಹರಿಯುವುದು 12 ಮತ್ತು 15ನೇ ಪಿನ್ನುಗಳಲ್ಲಿ. ಅಗ್ಗದ ವಿಸ್ತರಣಾ ಕೇಬಲ್ ಮತ್ತು ಸ್ಪ್ಲಿಟರ್‌ಗಳಲ್ಲಿ ಈ ಎರಡು ತಂತಿಗಳೇ ಇರುವುದಿಲ್ಲ. ಚಿತ್ರ ಹರಿಯುತ್ತದೆ, ಮಾಹಿತಿ ಹರಿಯುವುದಿಲ್ಲ. ಯಾದಗಿರಿಯ ಒಂದು ಶಾಲೆಯಲ್ಲಿ ಪ್ರೊಜೆಕ್ಟರಿಗೂ ಮಾನಿಟರಿಗೂ ಒಂದೇ ಸ್ಪ್ಲಿಟರ್ ಹಾಕಿದ ದಿನದಿಂದ ಕನ್ಸೋಲ್ 1024×768ಕ್ಕೆ ಇಳಿದುಹೋಗಿತ್ತು. ಸ್ಪ್ಲಿಟರ್ ತೆಗೆದು ನೇರ ಜೋಡಿಸಿದ ಕೂಡಲೇ ಸರಿಹೋಯಿತು.

ಕೇಬಲ್ ಬದಲಿಸಲಾಗದಿದ್ದರೆ ಕರ್ನಲ್‌ಗೆ ನಾವೇ ಹೇಳಬೇಕು. ಮೊದಲು "ಎಲ್‌ಎಸ್ /ಸಿಸ್/ಕ್ಲಾಸ್/ಡಿಆರ್‌ಎಂ" ಎಂಬ ಆದೇಶದಿಂದ ಪೋರ್ಟಿನ ಹೆಸರನ್ನು ತಿಳಿದುಕೊಳ್ಳಿ. "ಕಾರ್ಡ್0-ವಿಜಿಎ-1" ಎಂದಿದ್ದರೆ ಬೇಕಾದ ಹೆಸರು "ವಿಜಿಎ-1" ಮಾತ್ರ, ವಿಜಿಎ ಎಂಬುದು ದೊಡ್ಡ ಅಕ್ಷರಗಳಲ್ಲಿ. ನಂತರ ಹಂತ 4ರ ವಿಧಾನದಿಂದ ಸಾಲಿನ ಕೊನೆಗೆ "ವಿಡಿಯೊ=ವಿಜಿಎ-1:1024×768@60" ಎಂದು ಸೇರಿಸಿ; ಗುಣಾಕಾರ ಚಿಹ್ನೆಯ ಜಾಗದಲ್ಲಿ ಎಕ್ಸ್ ಅಕ್ಷರ ಒತ್ತಬೇಕು. ಮಾನಿಟರ್ ಜೋಡಿಸಿಲ್ಲವೆಂದೇ ಕರ್ನಲ್ ತಿಳಿದಿದ್ದರೆ 60ರ ಪಕ್ಕದಲ್ಲೇ ಇ ಅಕ್ಷರ ಸೇರಿಸಿದಾಗ ಆ ಪೋರ್ಟ್ ಬಲವಂತವಾಗಿ ತೆರೆಯುತ್ತದೆ.

ನನ್ನದೇ ಒಂದು ಪ್ರಮಾದ ಇಲ್ಲಿದೆ. ಬೀದರಿನ ಒಂದು ಕಚೇರಿಯಲ್ಲಿ ಹೊಸ ಮಾನಿಟರಿನ ಮುಂದೆ ಕೂತು 1920×1080 ಎಂಬ ಬೆಲೆಯನ್ನು ತಾತ್ಕಾಲಿಕ ಪರೀಕ್ಷೆ ಮಾಡದೆ ನೇರ ಶಾಶ್ವತ ಕಡತದಲ್ಲಿ (ಹಂತ 9) ಬರೆದು ಊರಿಗೆ ಬಂದೆ. ಮರುದಿನ ಅವರು ಆ ಮಾನಿಟರನ್ನು ಬೇರೆ ಮೇಜಿಗೆ ಸಾಗಿಸಿ ಹಳೆಯ ಚೌಕದ ಮಾನಿಟರನ್ನು ಜೋಡಿಸಿದರು. ಪರದೆಯಲ್ಲಿ "ಔಟ್ ಆಫ್ ರೇಂಜ್". ಎಸ್‌ಎಸ್‌ಎಚ್ ಅನ್ನೂ ತೆರೆದಿಟ್ಟಿರಲಿಲ್ಲ. ಒಂದು ಸಾಲು ಅಳಿಸಲು ಮತ್ತೆ ಬೀದರಿನ ರೈಲು ಹತ್ತಿದೆ.

ಟಿವಿಯನ್ನು ಮಾನಿಟರಾಗಿ ಬಳಸುವಾಗ ಮೇಲಿನ ಸಾಲು ಮತ್ತು ಎಡಗಡೆಯ ಅಕ್ಷರ ಕತ್ತರಿಸಿಹೋಗಿದ್ದರೆ ಅದು ಓವರ್‌ಸ್ಕ್ಯಾನ್. ಟಿವಿಯ ಚಿತ್ರ ಮೆನುವಿನಲ್ಲಿ "ಸ್ಕ್ರೀನ್ ಫಿಟ್" ಅಥವಾ "ಜಸ್ಟ್ ಸ್ಕ್ಯಾನ್" ಆರಿಸಿದರೆ ಮುಗಿಯಿತು.

## ಹಂತ 7: ಅಕ್ಷರದ ಗಾತ್ರ ಮತ್ತು ಕನ್ನಡದ ಚೌಕಗಳು

ಅಕ್ಷರ ಇರುವೆಯಷ್ಟು ಚಿಕ್ಕದಾಗಿ ಕಂಡರೆ ರೆಸಲ್ಯೂಷನ್ ಇಳಿಸಬೇಡಿ, ಫಾಂಟ್ ಬದಲಿಸಿ. ಡೆಬಿಯನ್ ಮತ್ತು ಉಬುಂಟುವಿನಲ್ಲಿ "ಸುಡೊ ಡಿಪಿಕೆಜಿ-ರೀಕಾನ್ಫಿಗರ್ ಕನ್ಸೋಲ್-ಸೆಟಪ್" ಕೇಳುವ ಪ್ರಶ್ನೆಗಳಲ್ಲಿ ಟರ್ಮಿನಸ್ ಫಾಂಟ್ ಮತ್ತು 16×32 ಗಾತ್ರ ಆರಿಸಬಹುದು. ಫೆಡೋರಾ ಮತ್ತು ಆರ್ಚ್‌ನಲ್ಲಿ "/ಇಟಿಸಿ/ವಿಕನ್ಸೋಲ್.ಕಾನ್ಫ್" ಕಡತದ ಫಾಂಟ್ ಸಾಲನ್ನು (ಆ ಪದ ದೊಡ್ಡ ಅಕ್ಷರಗಳಲ್ಲಿದೆ) ತಿದ್ದಬೇಕು. ಡೆಸ್ಕ್‌ಟಾಪ್‌ನ ಟರ್ಮಿನಲ್ ಕಿಟಕಿಯಲ್ಲಿ ಸೆಟ್‌ಫಾಂಟ್ ಆದೇಶ ಕೊಟ್ಟು "ದೋಷ ಬರುತ್ತಿದೆ" ಎನ್ನುವವರು ಬಹಳ; ಅದು ನಿಜವಾದ ಕನ್ಸೋಲ್‌ಗಾಗಿ ಇರುವ ಆದೇಶ. ಬೂಟ್ ಆದಾಗ ದೊಡ್ಡದಾಗಿದ್ದ ಅಕ್ಷರ ಮಧ್ಯದಲ್ಲಿ ಮತ್ತೆ ಚಿಕ್ಕದಾದರೆ, ಫಾಂಟ್ ಹಾಕಿದ ನಂತರ ಗ್ರಾಫಿಕ್ಸ್ ಡ್ರೈವರ್ ಬಂದು ಅದನ್ನು ಅಳಿಸಿದೆ; "ಸುಡೊ ಸೆಟಪ್‌ಕಾನ್" ಎಂದು ಕೊಟ್ಟು ಪರೀಕ್ಷಿಸಿ.

ಇನ್ನು ಕನ್ನಡ. ಸ್ಥಾಪಿಸುವಾಗ ಭಾಷೆ ಕನ್ನಡವೆಂದು ಆರಿಸಿದ ಯಂತ್ರದ ಕನ್ಸೋಲ್‌ನಲ್ಲಿ ಸಂದೇಶಗಳೆಲ್ಲ ಚೌಕ ಅಥವಾ ವಜ್ರದಾಕಾರದ ಗುರುತುಗಳಾಗಿ ಬರುವುದನ್ನು ನೋಡಿ ಫಾಂಟ್ ಹುಡುಕಲು ಹೊರಡುತ್ತಾರೆ. ಹುಡುಕಿ ಪ್ರಯೋಜನವಿಲ್ಲ. ಕರ್ನಲ್‌ನ ಕನ್ಸೋಲ್ ಫಾಂಟ್‌ನಲ್ಲಿ ಸಾಮಾನ್ಯವಾಗಿ 256 ಅಥವಾ 512 ಆಕೃತಿಗಳಿಗಷ್ಟೇ ಜಾಗ. ಅದಕ್ಕಿಂತ ಮುಖ್ಯವಾಗಿ, ಗುಣಿತ ಮತ್ತು ಒತ್ತಕ್ಷರಗಳನ್ನು ಕೂಡಿಸಿ ಬರೆಯುವ ವ್ಯವಸ್ಥೆಯೇ ಅದಕ್ಕಿಲ್ಲ. "ಕಲಬುರಗಿ" ನಮ್ಮ ಕಣ್ಣಿಗೆ 5 ಅಕ್ಷರ, ಯೂನಿಕೋಡ್ ಲೆಕ್ಕದಲ್ಲಿ 7 ಸಂಕೇತ. "ಸ್ತ್ರೀ" ಒಂದೇ ಅಕ್ಷರ, ಸಂಕೇತಗಳು 6. ಒಂದು ಸಂಕೇತಕ್ಕೆ ಒಂದು ಮನೆ ಎಂದು ಜೋಡಿಸುತ್ತಾ ಹೋಗುವ ಕನ್ಸೋಲ್‌ಗೆ ಇದನ್ನು ಬರೆಯಲು ಬರುವುದಿಲ್ಲ.

ಹಾಗಾಗಿ ಡೆಸ್ಕ್‌ಟಾಪ್ ಕನ್ನಡದಲ್ಲೇ ಇರಲಿ, ಕನ್ಸೋಲ್‌ನಲ್ಲಿ ಮಾತ್ರ ಭಾಷೆ ಬದಲಾಗಲಿ. ಬ್ಯಾಶ್‌ಆರ್‌ಸಿ ಕಡತದಲ್ಲಿ, ಟರ್ಮ್‌ನ ಬೆಲೆ "ಲಿನಕ್ಸ್" ಆಗಿದ್ದಾಗ ಮಾತ್ರ ಲ್ಯಾಂಗ್ ವೇರಿಯಬಲ್‌ಗೆ "ಸಿ.ಯುಟಿಎಫ್-8" ಎಂಬ ಬೆಲೆ ಕೊಡುವ ಷರತ್ತನ್ನು ಬರೆಯಿರಿ; ಈ ಹೆಸರು ಮತ್ತು ಬೆಲೆ ಎರಡೂ ದೊಡ್ಡ ಅಕ್ಷರಗಳಲ್ಲಿ. ಲ್ಯಾಂಗ್ವೇಜ್ ಎಂಬ (ಇದೂ ದೊಡ್ಡ ಅಕ್ಷರಗಳಲ್ಲೇ) ಇನ್ನೊಂದು ವೇರಿಯಬಲ್ ಇದ್ದರೆ ಅದೇ ಷರತ್ತಿನೊಳಗೆ ಅನ್‌ಸೆಟ್ ಆದೇಶದಿಂದ ತೆಗೆದುಹಾಕಿ, ಏಕೆಂದರೆ ಸಂದೇಶಗಳ ಭಾಷೆಯ ವಿಷಯದಲ್ಲಿ ಅದರ ಮಾತೇ ಮೇಲಾಗಬಹುದು. ಕನ್ನಡ ಹೆಸರಿನ ಕಡತಗಳು ಚೌಕಗಳಾಗಿ ಕಂಡಾಗ ಅವು ಕೆಟ್ಟಿವೆಯೆಂದು ಭಾವಿಸಿ ಹೆಸರು ಬದಲಿಸುವುದನ್ನಾಗಲಿ ಅಳಿಸುವುದನ್ನಾಗಲಿ ಮಾಡಬೇಡಿ. ಒಳಗಿನ ಹೆಸರು ಸರಿಯಾಗಿಯೇ ಇರುತ್ತದೆ. ಡೆಸ್ಕ್‌ಟಾಪ್‌ನ ಫೈಲ್ ಮ್ಯಾನೇಜರ್‌ನಲ್ಲಿ ತೆರೆದರೆ ಗೊತ್ತಾಗುತ್ತದೆ.

## ಹಂತ 8: ತಾನಾಗಿ ಆರುವ ಪರದೆ, ನಡುವೆ ನುಗ್ಗುವ ಸಂದೇಶ

ಕೆಲಸ ಮಾಡದೆ ಬಿಟ್ಟಾಗ ಕನ್ಸೋಲ್ ಆರಿಹೋಗುತ್ತಿದ್ದರೆ "ಸೆಟ್‌ಟರ್ಮ್ --ಬ್ಲ್ಯಾಂಕ್ 0" ಕೊಡಿ. ಈ ಆದೇಶದಲ್ಲಿ ಸಂಖ್ಯೆ ನಿಮಿಷಗಳಲ್ಲಿರುತ್ತದೆ, ಆದರೆ ಗ್ರಬ್ ಸಾಲಿನಲ್ಲಿ ಬರೆಯುವ "ಕನ್ಸೋಲ್‌ಬ್ಲ್ಯಾಂಕ್" ಸೆಕೆಂಡುಗಳನ್ನು ಕೇಳುತ್ತದೆ. ಅಲ್ಲಿಯೂ ನಿಮಿಷವೆಂದು ತಿಳಿದು 10 ಎಂದು ಬರೆದವರ ಪರದೆ ಹತ್ತು ಸೆಕೆಂಡು ಸುಮ್ಮನೆ ಬಿಟ್ಟರೆ ಆರಿಹೋಗುತ್ತದೆ.

ಟೈಪ್ ಮಾಡುವಾಗ ಕರ್ನಲ್‌ನ ಎಚ್ಚರಿಕೆಗಳು ನಡುವೆ ಬಂದು ಬೀಳುತ್ತಿದ್ದರೆ "ಸುಡೊ ಡಿಮೆಸ್ಗ್ -ಎನ್ 4" ಸಾಕು. ಗಂಭೀರ ದೋಷಗಳು ಮಾತ್ರ ಕಾಣುತ್ತವೆ. 1 ಎಂದು ಕೊಟ್ಟರೆ ಡಿಸ್ಕ್ ಸಾಯುತ್ತಿರುವ ಸುದ್ದಿಯೂ ಪರದೆಗೆ ಬರುವುದಿಲ್ಲ. ಶಿಫ್ಟ್-ಪೇಜ್‌ಅಪ್ ಒತ್ತಿದರೆ ಹಿಂದಿನ ಸಾಲುಗಳು ಬರುತ್ತಿಲ್ಲವೆಂಬುದು ದೋಷವಲ್ಲ: 2020ರ ಕರ್ನಲ್ 5.9ರಲ್ಲಿ ಆ ಸೌಲಭ್ಯವನ್ನೇ ತೆಗೆದುಹಾಕಲಾಗಿದೆ. ಉದ್ದನೆಯ ಫಲಿತಾಂಶವನ್ನು ಪುಟಪುಟವಾಗಿ ತೋರಿಸುವ ಲೆಸ್ ಆದೇಶಕ್ಕೆ ಹಾಯಿಸಿ ಅಥವಾ ಹಿಂದಿನ ಸಾಲುಗಳನ್ನು ತಾನೇ ಉಳಿಸಿಕೊಳ್ಳುವ ಟಿಮಕ್ಸ್ ಪ್ರೋಗ್ರಾಂ ಬಳಸಿ.

## ಹಂತ 9: ಫಲಿಸಿದ ಬದಲಾವಣೆಯನ್ನು ಮಾತ್ರ ಶಾಶ್ವತಗೊಳಿಸಿ

ಗ್ರಬ್‌ನಲ್ಲಿ ತಾತ್ಕಾಲಿಕವಾಗಿ ಎರಡು ಬಾರಿಯಾದರೂ ಕೆಲಸ ಮಾಡಿದ ಬೆಲೆಯನ್ನಷ್ಟೇ "/ಇಟಿಸಿ/ಡೀಫಾಲ್ಟ್/ಗ್ರಬ್" ಕಡತಕ್ಕೆ ಸೇರಿಸಬೇಕು. ಮೊದಲು ಅದರ ಪ್ರತಿಯೊಂದನ್ನು ತೆಗೆದಿಡಿ. "ಗ್ರಬ್_ಸಿಎಂಡಿಲೈನ್_ಲಿನಕ್ಸ್_ಡೀಫಾಲ್ಟ್" ಎಂಬ ದೊಡ್ಡ ಅಕ್ಷರಗಳ ಸಾಲಿನಲ್ಲಿ ಉದ್ಧರಣ ಚಿಹ್ನೆಗಳ ಒಳಗೆ ಬರೆದು, ಡೆಬಿಯನ್ ಮತ್ತು ಉಬುಂಟುವಿನಲ್ಲಿ "ಸುಡೊ ಅಪ್‌ಡೇಟ್-ಗ್ರಬ್" ಓಡಿಸಿ. ಬೂಟ್ ಫೋಲ್ಡರಿನೊಳಗಿನ "ಗ್ರಬ್.ಸಿಎಫ್‌ಜಿ" ಕಡತವನ್ನು ನೇರ ತಿದ್ದಬೇಡಿ, ಮುಂದಿನ ಕರ್ನಲ್ ನವೀಕರಣದಲ್ಲಿ ಅದು ಹೊಸದಾಗಿ ಬರೆಯಲ್ಪಟ್ಟು ನಿಮ್ಮ ತಿದ್ದುಪಡಿ ಮಾಯವಾಗುತ್ತದೆ.

ಮರುಚಾಲನೆಗೆ ಮುನ್ನ ಎಸ್‌ಎಸ್‌ಎಚ್ ಸೇವೆ ಚಾಲನೆಯಲ್ಲಿದೆಯೇ ಎಂದು ನೋಡಿ, ಯಂತ್ರದ ಐಪಿ ವಿಳಾಸವನ್ನು ಚೀಟಿಯಲ್ಲಿ ಬರೆದು ಸಿಪಿಯು ಪೆಟ್ಟಿಗೆಯ ಪಕ್ಕಕ್ಕೆ ಅಂಟಿಸಿ. ಮರುಚಾಲನೆಯ ನಂತರ "ಕ್ಯಾಟ್ /ಪ್ರಾಕ್/ಸಿಎಂಡಿಲೈನ್" ಕೊಟ್ಟು ನೀವು ಬರೆದ ಪದ ಅಲ್ಲಿದೆ, ನೊಮೋಡ್‌ಸೆಟ್ ಅಲ್ಲಿಲ್ಲ ಎಂಬುದನ್ನು ಓದಿ ಖಚಿತಪಡಿಸಿಕೊಳ್ಳಿ. ಆಮೇಲೆ ಯಂತ್ರವನ್ನು ಪೂರ್ತಿ ಆರಿಸಿ, ಮಾನಿಟರಿನ ವಿದ್ಯುತ್ತನ್ನೂ ತೆಗೆದು, ಐದು ನಿಮಿಷ ಬಿಟ್ಟು ಎರಡನ್ನೂ ಒಟ್ಟಿಗೆ ಆನ್ ಮಾಡಿ ಇನ್ನೊಮ್ಮೆ ನೋಡಿ, ಏಕೆಂದರೆ ನಮ್ಮಲ್ಲಿ ಕರೆಂಟ್ ಹೋಗಿ ಬಂದಾಗ ಯಂತ್ರ ಏಳುವುದು ಹೀಗೆಯೇ.